ಸಾಲಿನ ಕೊನೆಯಲ್ಲಿ ನಿಂತ ಮೇಷ್ಟ್ರು

ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಮಾತಾಡಿಸಲು ಬಂದವರಲ್ಲಿ ನಾಲ್ಕು ಜನ ಒಂದೇ ಮಾತು ಹೇಳಿದರು. ಮಕ್ಕಳ ಜೊತೆ ಕುಣಿದೂ ಕುಣಿದೂ ಮೇಷ್ಟ್ರು ಮೊಣಕಾಲು ಹಾಳು ಮಾಡಿಕೊಂಡರಂತೆ. ಸುಳ್ಳು. ಮೊಣಕಾಲು ಹಾಳಾದದ್ದು ಕಾರ್ಖಾನೆಯಲ್ಲಿ, ಕಬ್ಬಿಣದ ಸರಳು ಬಿದ್ದು. ಮಕ್ಕಳ ಜೊತೆ ನಿಂತದ್ದರಿಂದ ಏನಾಯಿತು ಅನ್ನುವುದು ಬೇರೆ ಕಥೆ. ಅದನ್ನು ನಾನು ಬರೆಯುತ್ತೇನೆ. ನಾನು ಓದಿದ್ದು ಐದನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಹಗಲು ಅವರು ಲೇತ್ ಮಿಷನ್ ಮೇಲೆ ಕೆಲಸ ಮಾಡುತ್ತಿದ್ದರು. ಸಂಜೆ ಐದೂವರೆಗೆ ಕರಾಟೆ ಕ್ಲಾಸು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದ ಕೋಣೆ. ಸಿಮೆಂಟು ನೆಲ, ಮೂರು ಕಿಟಕಿ, ಕೆಳಗಿನಿಂದ ಬರುವ ರಬ್ಬರಿನ ವಾಸನೆ. ಕಸ ಗುಡಿಸುವವರೂ ಅವರೇ. ಬಾಗಿಲ ಪಕ್ಕದ ಮೇಜಿನ ಹತ್ತಿರ ನಾನು ಕೂತು ಮಕ್ಕಳ ಬಿಳಿ ಬಟ್ಟೆ ಹೊಲಿಯುತ್ತಿದ್ದೆ. ಪ್ಯಾಂಟಿನ ಲಾಡಿ ಹರಿಯದ ದಿನವೇ ಇರಲಿಲ್ಲ.

ಮಿಕ್ಕ ಮೇಷ್ಟ್ರುಗಳು ಬೆತ್ತ ಹಿಡಿದು ನಿಲ್ಲುತ್ತಾರೆ. ಇವರು ಮಕ್ಕಳಿಗೆ ನಮಸ್ಕಾರ ಮಾಡಿ ಸಾಲಿನ ಮುಂದೆ ನಿಂತು ತಾವೇ ಶುರು ಮಾಡುತ್ತಿದ್ದರು. ನೂರು ಬಸ್ಕಿ ಅಂದರೆ ಇವರದ್ದೂ ನೂರು. ಕ್ಲಾಸು ಮುಗಿದಾಗ ಇವರ ಅಂಗಿಯನ್ನೂ ಹಿಂಡಬಹುದಿತ್ತು. ಒಗೆಯುವವಳು ನಾನು, ನನಗೆ ಗೊತ್ತು.

ಇವರ ತಮ್ಮನೂ ಕರಾಟೆ ಮೇಷ್ಟ್ರೇ. ಪಟ್ಟಣದ ಆಚೆ ಬದಿಯಲ್ಲಿ ಅವನ ಕ್ಲಾಸು. ಅವನು ಕುರ್ಚಿ ಮೇಲೆ ಕೂತು ಹೇಳಿಕೊಡುವವನು, ಹೊಟ್ಟೆಯೂ ಅದಕ್ಕೆ ತಕ್ಕ ಹಾಗೆ ಬಂದಿತ್ತು. ಮನೆಗೆ ಬಂದಾಗಲೆಲ್ಲ ನನ್ನನ್ನು ಕೆಣಕುತ್ತಿದ್ದ.

"ಅತ್ತಿಗೆ, ಈ ವರ್ಷ ಅಣ್ಣನಿಗೆ ಯಾವ ಬೆಲ್ಟ್ ಬಂತು? ಹಳದಿನಾ?"

ಹಳದಿ ಅಂದರೆ ಹೊಸದಾಗಿ ಸೇರಿದ ಮಕ್ಕಳು ಕಟ್ಟುವ ಬೆಲ್ಟು. ಇವರು ನಕ್ಕುಬಿಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಐವತ್ತೆರಡನೇ ವಯಸ್ಸಿಗೆ ಎಡ ಮೊಣಕಾಲಿನ ಮೇಲೆ ಸರಳು ಬಿತ್ತು. ಆರು ವಾರ ಮಲಗಿದ್ದರು. ಏಳನೇ ವಾರ ಮತ್ತೆ ಸಾಲಿನ ಮುಂದೆ ನಿಂತರು. ಡಾಕ್ಟರು ಮೆಟ್ಟಿಲು ಹತ್ತಬಹುದು ಅಂದಿದ್ದರು, ಅಷ್ಟೇ ಸಾಕಾಯಿತು ಇವರಿಗೆ.

ದಿನಾ ಮಾಡಿಸುವ ಒಂದು ಪಾಠವಿತ್ತು. ನಾಲ್ಕು ಹೆಜ್ಜೆ ಮುಂದೆ, ಆಮೇಲೆ ಎಡಕ್ಕೆ ತಿರುಗಬೇಕು. ತಿರುಗುವಾಗ ಇವರ ಎಡಗಾಲು ಅರ್ಧ ಹೆಜ್ಜೆ ಇಟ್ಟು ಸಣ್ಣಗೆ ಎಗರುತ್ತಿತ್ತು. ನೋವು ತಪ್ಪಿಸಿಕೊಳ್ಳಲು ಕಾಲು ತಾನೇ ಕಲಿತುಕೊಂಡ ಬುದ್ಧಿ ಅದು. ಇವರ ಗಮನಕ್ಕೆ ಬರಲಿಲ್ಲ. ಹಿಂದೆ ನಿಂತ ಇಪ್ಪತ್ಮೂರು ಮಕ್ಕಳು ಮೇಷ್ಟ್ರು ಮಾಡಿದ್ದನ್ನೇ ಮಾಡಿದರು. ಎಂಟು ತಿಂಗಳು ಮಾಡಿದರು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಎಲ್ಲರೂ ಒಟ್ಟಿಗೆ ಕುಂಟಿದರೆ ಅದು ಕುಂಟಿದ ಹಾಗೆ ಕಾಣುವುದಿಲ್ಲ. ಪಾಠವೇ ಹಾಗೆ ಅಂದುಕೊಂಡೆ.

ಬೆಲ್ಟ್ ಪರೀಕ್ಷೆಗೆ, ಕ್ಲಾಸು ನಡೆಸಲು ಒಪ್ಪಿಗೆ ಕೊಡುವ ಕರಾಟೆ ಸಂಘದಿಂದ ಪರೀಕ್ಷಕರು ಬಂದರು. ವಯಸ್ಸಾದವರು, ಒಣಕಲು ಆಳು. ಬಾಯಿ ತೆರೆಯುವುದು ಅಪರೂಪ, ಅದಕ್ಕೆ ಮಕ್ಕಳು ಅವರಿಗೆ ಬೀಗ ಎಂದು ಹೆಸರಿಟ್ಟಿದ್ದರು. ಮೊದಲ ಸಾಲು ತಿರುಗಿತು. ಎರಡನೆಯದು ತಿರುಗಿತು. ಬೀಗ ತೆರೆಯಿತು.

"ಏನ್ರೀ ಮೇಷ್ಟ್ರೇ, ಇಷ್ಟೂ ಮಕ್ಕಳಿಗೆ ಎಡ ಮೊಣಕಾಲು ನೋವಾ?"

ಪರೀಕ್ಷಕರು ಇವರೊಬ್ಬರನ್ನೇ ತಿರುಗಿಸಿ ನೋಡಿದರು. ಆಮೇಲೆ ಇಪ್ಪತ್ಮೂರು ಮಕ್ಕಳನ್ನೂ ಫೇಲ್ ಮಾಡಿದರು. ಹೋಗುವಾಗ ಇವರನ್ನು ಪಕ್ಕಕ್ಕೆ ಕರೆದು, ಮೂರು ತಿಂಗಳು ಬಿಟ್ಟು ಬರುತ್ತೇನೆ, ಆಗಲೂ ಮಕ್ಕಳು ಹೀಗೇ ತಿರುಗಿದರೆ ಕ್ಲಾಸು ನಿಮ್ಮ ತಮ್ಮನಿಗೆ ಹೋಗುತ್ತದೆ ಎಂದರು. ಸಾಲು ಬಿಟ್ಟು ಕುರ್ಚಿ ಹಾಕಿಕೊಳ್ಳಿ ಎಂದೂ ಹೇಳಿದರು.

ಇಪ್ಪತ್ತೊಂದು ವರ್ಷದ ಕ್ಲಾಸು ಅದು. ನಮಗೆ ಮಕ್ಕಳಿಲ್ಲ. ಇನ್ನು ಹೆಚ್ಚು ಹೇಳಬೇಕಿಲ್ಲ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೇಳಿದರು. "ನಿನಗೆ ಕಾಣ್ತಿತ್ತಾ?"

"ಕಾಣ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಮೇಷ್ಟ್ರು. ನಾನು ಲಾಡಿ ಹೊಲಿಯೋಳು. ಪಾಠ ಅಂದ್ಕೊಂಡೆ."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮರುದಿನ ಮಕ್ಕಳನ್ನು ಕೂರಿಸಿ, ತಪ್ಪು ನನ್ನದು, ನೀವು ಸರಿಯಾಗಿಯೇ ನೋಡಿ ಕಲಿತಿರಿ ಎಂದರು. ಮಕ್ಕಳ ತಂದೆತಾಯಂದಿರಿಗೂ ಹಾಗೇ ಹೇಳಿದರು. ತಲೆ ತಗ್ಗಿಸದೆ ಹೇಳಿದರು. ಆಮೇಲೆ ಕುರ್ಚಿ ತರಿಸಿ ಕೂತರು.

ಕುರ್ಚಿಯಿಂದ ಲಾಭ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ. ಒಂದು ಹುಡುಗಿ ಗುದ್ದುವಾಗ ಕಣ್ಣು ಮುಚ್ಚುತ್ತಾಳೆ, ಇನ್ನೊಬ್ಬ ಉಸಿರು ಕಟ್ಟಿ ನಿಲ್ಲುತ್ತಾನೆ ಎಂದು ಆ ವಾರ ಮನೆಗೆ ಬಂದು ಹೇಳಿದರು. ಸಾಲಿನ ಮುಂದೆ ಬೆನ್ನು ಹಾಕಿ ನಿಂತಾಗ ಇದ್ಯಾವುದೂ ಕಂಡಿರಲಿಲ್ಲವಂತೆ. ಆದರೆ ಬಸ್ಕಿ ನೂರಿದ್ದದ್ದು ಅರವತ್ತಕ್ಕೆ ಇಳಿಯಿತು. ಮಕ್ಕಳು ಕಾಲೆಳೆದುಕೊಂಡು ಬರತೊಡಗಿದರು. ಇವರಿಗೂ ಕೂಗುವ ಚಾಳಿ ಹತ್ತಿತು. ಹತ್ತು ದಿನ ತಡೆದುಕೊಂಡು ಕೊನೆಗೆ ನಾನೇ ಬಾಯಿಬಿಟ್ಟೆ.

"ಆ ಕುರ್ಚಿ ಮೇಲೆ ಕೂತ್ರೆ ನೀವು ಥೇಟ್ ನಿಮ್ಮಪ್ಪ."

ಮಾವನವರು ಕೂತಲ್ಲಿಂದಲೇ ಇಡೀ ಮನೆಯನ್ನು ಬೈಯುತ್ತಿದ್ದವರು. ಮಾತು ನಾಟಿತು. ಮರುದಿನ ಕುರ್ಚಿ ಟೈರ್ ಅಂಗಡಿಗೆ ಹೋಯಿತು.

ಆಮೇಲೆ ಇವರು ಒಂದು ಲೆಕ್ಕ ಹಾಕಿದರು. ಅರ್ಧ ಹೊತ್ತು ಸಾಲಿನಲ್ಲಿ, ಅರ್ಧ ಹೊತ್ತು ಸಾಲಿನ ಹೊರಗೆ. ಸಾಲಿನಲ್ಲಿ ನಿಲ್ಲುವಾಗ ಮುಂದೆ ಅಲ್ಲ, ಎಲ್ಲರ ಹಿಂದೆ, ಕೊನೆಯಲ್ಲಿ. ಮುಂದೆ ನಿಲ್ಲಲು ಹದಿನಾರರ ಹುಡುಗಿಯೊಬ್ಬಳನ್ನು ಆರಿಸಿದರು. ಉದ್ದ ಕಾಲಿನವಳು, ಕೊಕ್ಕರೆ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಕುಂಟು ತಿರುವನ್ನು ಮೊದಲು ಬಿಟ್ಟವಳು ಅವಳೇ. ಮೇಷ್ಟ್ರ ಮುಂದೆ ನಿಲ್ಲಲು ಅವಳು ಒಪ್ಪಲಿಲ್ಲ. ಇವರು ಅವಳ ಹೆಗಲು ಹಿಡಿದು ನಿಲ್ಲಿಸಿ ತಾವು ಹಿಂದಕ್ಕೆ ನಡೆದರು.

ನನಗೂ ಒಂದು ಕೆಲಸ ಕೊಟ್ಟರು.

"ನಾನು ತಿರುಗೋವಾಗ ನೋಡು. ಅರ್ಧ ಹೆಜ್ಜೆ ಬಿತ್ತು ಅಂದ್ರೆ ಕತ್ತರಿಯಿಂದ ಮೇಜು ಬಡಿ."

"ಮಕ್ಕಳ ಮುಂದೆನಾ?"

"ತಪ್ಪು ಕಲಿಸಿದ್ದೂ ಮಕ್ಕಳ ಮುಂದೇನೇ."

ಮೊದಲ ದಿನ ನಲವತ್ತೊಂದು ಸಲ ಬಡಿದೆ. ಬಡಿದಾಗಲೆಲ್ಲ ಇವರು ನಿಂತು, ನನಗೆ ತಲೆ ಬಾಗಿಸಿ, ಮತ್ತೆ ಮೊದಲಿಂದ ತಿರುಗುತ್ತಿದ್ದರು. ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಎರಡನೇ ವಾರ ನಗುವುದು ನಿಂತಿತು. ಮೂರನೇ ವಾರ ಮಕ್ಕಳೇ ಬಂದು, ಅಕ್ಕಾ ನಮ್ಮದನ್ನೂ ನೋಡಿ, ನಮಗೂ ಬಡೀರಿ ಎಂದರು. ಮೈದುನ ಒಂದು ದಿನ ಬಂದು ಬಾಗಿಲಲ್ಲಿ ನಿಂತು ನೋಡಿದ. ಹೆಂಡತಿ ಕೈಲಿ ಪಾಠ ಹೇಳಿಸಿಕೊಳ್ಳುವ ಮೇಷ್ಟ್ರನ್ನು ಈಗಲೇ ನೋಡಿದ್ದು ಎಂದ. ಇವರು ಬೆವರು ಒರೆಸಿಕೊಂಡು, ಸಾಲಲ್ಲಿ ನಿಂಗೂ ಒಂದು ಜಾಗ ಖಾಲಿ ಇದೆ, ಬಾರೋ ಎಂದರು. ಅವನಿಗೆ ತುರ್ತು ಕೆಲಸ ನೆನಪಾಯಿತು.

ಬೆಳಿಗ್ಗೆ ಕಾರ್ಖಾನೆಗೆ ಹೋಗುವ ಮೊದಲು ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಗೆರೆಯಿಂದ ಗೆರೆಗೆ ಕಾಲಿಡುತ್ತಿದ್ದರು. ನಾನು ಬಿಸಿನೀರಿನ ಬಟ್ಟೆ ಹಿಡಿದು ಕಾಯುತ್ತಿದ್ದೆ. ಸಾಕು ಬಿಡಿ ಎಂದು ಒಂದು ದಿನವೂ ಹೇಳಲಿಲ್ಲ. ಹೇಳಬೇಕಿತ್ತೇನೋ. ನನಗೆ ಹೇಳಲು ಮನಸ್ಸಿರಲಿಲ್ಲ.

ಮೂರು ತಿಂಗಳಿಗೆ ಪರೀಕ್ಷಕರು ಬಂದರು. ಕೊಕ್ಕರೆ ಮುಂದೆ ನಿಂತು ಕೂಗು ಹಾಕಿದಳು. ನಾಲ್ಕು ಹೆಜ್ಜೆ, ಎಡಕ್ಕೆ ತಿರುವು. ಇಪ್ಪತ್ಮೂರು ಎಡಗಾಲು ಒಟ್ಟಿಗೆ ನೆಲಕ್ಕೆ ಬಿದ್ದವು, ಪೂರ್ತಿ ಹೆಜ್ಜೆ. ಪರೀಕ್ಷಕರು ಒಬ್ಬೊಬ್ಬರನ್ನೇ ತಿರುಗಿಸಿದರು. ಇಬ್ಬರು ಫೇಲಾದರು, ಅದೂ ಬೇರೆ ತಪ್ಪಿಗೆ. ಕಾಗದ ಮಡಚಿಡುವ ಹೊತ್ತಿಗೆ, ಅಲ್ಲಿವರೆಗೆ ಬರೀ ನಿಂತು ನೋಡುತ್ತಿದ್ದ ಇವರು ಸಾಲಿನ ಕೊನೆಯಿಂದ ಒಂದು ಹೆಜ್ಜೆ ಮುಂದೆ ಬಂದರು. ಸಾರ್, ನನ್ನದೂ ನೋಡಿಬಿಡಿ ಎಂದರು.

ಯಾರೂ ಕೇಳಿರಲಿಲ್ಲ. ಕ್ಲಾಸು ಉಳಿದಾಗಿತ್ತು. ಸುಮ್ಮನಿರಬಾರದೇ ಈ ಮನುಷ್ಯ ಅನ್ನಿಸಿತು.

ನಾಲ್ಕು ಹೆಜ್ಜೆ ನಡೆದರು. ಎಡಕ್ಕೆ ತಿರುಗಿದರು. ನೋವು ಮುಖದಲ್ಲಿ ಕಂಡಿತು. ಕಾಲಲ್ಲಿ ಕಾಣಲಿಲ್ಲ. ಕತ್ತರಿ ನನ್ನ ಕೈಯಲ್ಲೇ ಇತ್ತು, ಬಡಿಯುವ ಕೆಲಸ ಬೀಳಲಿಲ್ಲ.

ಪರೀಕ್ಷಕರು ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದರು. ಮಕ್ಕಳ ಹೆಸರುಗಳ ಕೆಳಗೆ ಇಪ್ಪತ್ನಾಲ್ಕನೆಯದಾಗಿ ಇವರ ಹೆಸರು ಬರೆದು ಪಾಸ್ ಎಂದು ಹಾಕಿದರು. ಸಾಲಲ್ಲೇ ಇರಿ, ಆದರೆ ಹಿಂದೆ ಎಂದರು. ಮಕ್ಕಳು ಕಿಟಕಿ ಅಲುಗುವ ಹಾಗೆ ಚಪ್ಪಾಳೆ ಹೊಡೆದರು. ನಾನು ಅಳಲಿಲ್ಲ. ಮನೆಗೆ ಹೋದ ಮೇಲೆ ಅತ್ತೆ.

ಆಮೇಲೆ ಹನ್ನೊಂದು ವರ್ಷ ಕ್ಲಾಸು ಅವರದೇ. ವಯಸ್ಸಾದಂತೆ ಅರ್ಧ ಹೊತ್ತು ಕಾಲು ಹೊತ್ತಾಯಿತು, ಆಮೇಲೆ ಐದು ನಿಮಿಷವಾಯಿತು. ಕೊನೆಯ ವರ್ಷ ಮೂರು ಬಸ್ಕಿಗಿಂತ ಹೆಚ್ಚು ಆಗುತ್ತಿರಲಿಲ್ಲ. ಮೂರನ್ನೂ ಪೂರ್ತಿ ಕೂತು, ಪೂರ್ತಿ ಎದ್ದು ಹೊಡೆಯುತ್ತಿದ್ದರು. ನಾಲ್ಕನೆಯದಕ್ಕೆ ಸಾಲಿನಿಂದ ಹೊರಗೆ ಬಂದು, ಕೈ ಕಟ್ಟಿ ನಿಂತು, ಮಕ್ಕಳನ್ನು ನೋಡುತ್ತಿದ್ದರು.