ಸಾವಿನ ಮನೆಯಲ್ಲಿ ಗುಂಯ್ ಎಂದ ವಾಚು

ಕಳೆದ ವಾರ ಕಮಲಾಪುರದಲ್ಲಿ, ಸಾವಾದ ಮನೆಯ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಕೈಯಲ್ಲಿದ್ದ ವಾಚು ಗುಂಯ್ ಎಂದಿತು. ‘ತುಂಬ ಹೊತ್ತು ಕೂತಿದ್ದೀರಿ, ಎದ್ದು ಓಡಾಡಿ’ ಎಂಬ ಸಂದೇಶ. ಜೊತೆಗೆ ಕುಣಿಯುವ ಒಂದು ಪುಟ್ಟ ಬೊಂಬೆ ಬೇರೆ!

ಈ ವಾಚಿನ ಕಥೆ ಮೊದಲು ಹೇಳಿಬಿಡುತ್ತೇನೆ. ನನ್ನ ಮೊಣಕಾಲು ನೋವಿಗೆ ಡಾಕ್ಟರು ಹೇಳಿದ ಮದ್ದು ಒಂದೇ, ತೂಕ ಇಳಿಸಿ. ಇಳಿಸದಿದ್ದರೆ ಆಪರೇಷನ್. ಹೆದರಿದ್ದು ನಾನು, ವಾಚು ತಂದು ಕಟ್ಟಿದ್ದು ಮಗಳು. ಎಷ್ಟು ನಡೆದೆ, ಎಷ್ಟು ಮಲಗಿದೆ, ಎದೆ ಎಷ್ಟು ಬಡಿಯಿತು, ಎಲ್ಲವೂ ಅದಕ್ಕೆ ಗೊತ್ತು. (ಇಷ್ಟು ವಿಚಾರಣೆಯನ್ನು ನನ್ನ ಅತ್ತೆಯೂ ಮಾಡಿರಲಿಲ್ಲ.)

ಮುಂಜಾನೆ ಗಾಜಿಪುರ ಬಡಾವಣೆಯ ನಮ್ಮ ಮನೆಯಿಂದ ಊರಿನ ಕೋಟೆಯತನಕ ವಾಕಿಂಗ್. ಸೂಪರ್ ಮಾರ್ಕೆಟ್‌ನಿಂದ ಚೀಲ ಹಿಡಿದು ನಡೆದೇ ವಾಪಸ್. ಆಟೋದವರು ಕರೆದು ಕರೆದು ಸುಸ್ತಾದರು. ಸೀರಿಯಲ್ ನೋಡುವಾಗ ಗುಂಯ್ ಎಂದರೆ ಎದ್ದು ನಿಲ್ಲುತ್ತೇನೆ. ಸುಳ್ಳೇಕೆ, ತೂಕ ಇಳಿದಿದೆ. ರವಿಕೆಗಳನ್ನೆಲ್ಲ ಬಿಗಿ ಮಾಡಿಸಿಕೊಂಡಿದ್ದೇನೆ. ಮೆಟ್ಟಿಲು ಕಂಡರೆ ಈಗ ಮೊದಲಿನಷ್ಟು ಭಯವಿಲ್ಲ.

ಇನ್ನು ಕಮಲಾಪುರ. ನನ್ನ ಕಾಲೇಜು ಗೆಳತಿ ಮಹಾದೇವಿ ಅಲ್ಲಿ ಶಾಲಾ ಶಿಕ್ಷಕಿ. ಅವಳ ತಾಯಿ ತೀರಿಕೊಂಡು ವಾರವಾಗಿತ್ತು. ಮನೆಯಲ್ಲಿದ್ದದ್ದು ಅವರಿಬ್ಬರೇ. ತಾಯಿಯ ಶುಗರ್, ಮಾತ್ರೆ, ಪಥ್ಯ ಎಲ್ಲ ಇವಳ ಕೈಯಲ್ಲೇ ಇತ್ತು.

ಸಾವಾದ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ‘ಮಾತಾಡಿಸಿ ಬರೋದು’ ಅನ್ನುತ್ತಾರೆ. ಆದರೆ ಏನು ಮಾತಾಡುವುದು? ಜಮಖಾನದ ಮೇಲೆ ಹತ್ತಿರ ಕೂತು ಬರುವುದು, ಅಷ್ಟೇ.

ನಾನೂ ಕೂತೆ. ಬಂದವರು ಒಬ್ಬೊಬ್ಬರೇ ಹೋದರು. ಇಬ್ಬರೇ ಉಳಿದಾಗ ಮಹಾದೇವಿ, “ನಿನಗೊಂದು ಹೇಳ್ಬೇಕಿತ್ತು...” ಎಂದು ಬಾಯಿ ತೆರೆದಳು. ಅದೇ ಹೊತ್ತಿಗೆ ಈ ಗುಂಯ್. ಅಭ್ಯಾಸಬಲದಿಂದ ನನ್ನ ಕಣ್ಣು ಕೈಗೆ ಹೋಯಿತು.

ಮಾತಿನ ನಡುವೆ ವಾಚು ನೋಡಿದರೆ ಎದುರಿಗಿದ್ದವರು ಏನೆಂದು ತಿಳಿಯಬೇಕು?

“ಟೈಮ್ ಆತೇನ? ಹೊಂಡು ಮತ್ತ. ಕತ್ತಲಾದ್ರ ಬಸ್ಸಿಗಿ ತ್ರಾಸ್ ಆಗ್ತದ,” ಎಂದಳು. ಸಿಟ್ಟಿನಿಂದಲ್ಲ, ಕಾಳಜಿಯಿಂದಲೇ ಹೇಳಿದಳು. ಹೇಳಬೇಕೆಂದಿದ್ದ ಮಾತನ್ನು ಮಾತ್ರ ನುಂಗಿಕೊಂಡಳು.

ನನಗೆ ಭೂಮಿಗಿಳಿದು ಹೋದಂತಾಯಿತು. ಟೈಮ್ ಅಲ್ಲ ಮಾರಾಯ್ತಿ, ಇದು ಎದ್ದು ಓಡಾಡು ಅನ್ನುತ್ತಿದೆ, ಇದಕ್ಕೆ ಸೀರಿಯಲ್ಲೂ ಒಂದೇ, ಸಾವಿನ ಮನೆಯೂ ಒಂದೇ ಎಂದು ತೊದಲಿದೆ. ಬಿಚ್ಚಿ ಪರ್ಸಿಗೆ ಹಾಕಲು ಹೋದೆ. ಅವಳು ನನ್ನ ಕೈ ಹಿಡಿದುಕೊಂಡು ಆ ಕುಣಿಯುವ ಬೊಂಬೆಯನ್ನೇ ನೋಡಿದಳು.

“ವಾರಾತು, ಬಂದವ್ರೆಲ್ಲ ಕುಂದ್ರು ಕುಂದ್ರು ಅಂದ್ರು. ಏಳು ಅಂತ ಒಬ್ರೂ ಅನ್ಲಿಲ್ಲ ನೋಡು. ಕಾಲು ಜೋಮು ಹಿಡದಾವ.”

ಕೈ ಕೊಟ್ಟೆ. ಎದ್ದಳು. ಹಿತ್ತಲಿಗೆ ಹೋದೆವು. ನೀರಿನ ತೊಟ್ಟಿಯಿಂದ ಬಾಳೆಗಿಡದತನಕ, ಮತ್ತೆ ತೊಟ್ಟಿಗೆ. ಪಕ್ಕಪಕ್ಕ ನಡೆಯುವಾಗ ಒಂದು ಅನುಕೂಲ ಇದೆ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಯಾವುದೋ ಒಂದು ಸುತ್ತಿನಲ್ಲಿ, ನೆಲ ನೋಡುತ್ತ, ಅವಳು ಆ ಮಾತು ಹೇಳಿದಳು.

“ಹಿಂದಿನ ದಿನ ಸಂಜಿಮುಂದ ಅವ್ವ ಚಹಾಕ್ಕ ಒಂದ್ ಚಮಚಾ ಸಕ್ರಿ ಬೇಡಿದ್ಲು. ಶುಗರ್ ಏರ್ತದ ಅಂತ ಬೈದೆ. ಸಪ್ಪನ ಚಹಾನೇ ಕುಡದ್ಲು. ಮುಂಜಾನಿ ಹೋಗೇಬಿಟ್ಲು.”

ನಿನ್ನ ಪಥ್ಯದಿಂದಲೇ ಅವ್ವ ಇಷ್ಟು ವರ್ಷ ಇದ್ದರು ಅನ್ನಬಹುದಿತ್ತು. ಅದು ನಿಜವೂ ಹೌದು. ಅದನ್ನು ಬಿಟ್ಟು ಅವಳ ಕೈ ಹಿಡಿದುಕೊಂಡೆ. ನನಗೂ ಅಳು ಬಂತು, ಅವಳಿಗೂ ಬಂತು. ಅಳುತ್ತಲೇ ಇನ್ನಷ್ಟು ಸುತ್ತು ಹಾಕಿದೆವು. ಆಮೇಲೆ ಅವಳೇ ಹಸಿವಾಗಿದೆ ಎಂದಳು. ವಾರದಿಂದ ಅವಳಾಗಿಯೇ ಉಣ್ಣಲು ಕೇಳಿದ್ದು ಅದೇ ಮೊದಲಂತೆ.

ವಾಚನ್ನು ಹೊಗಳಲು ಇದನ್ನೆಲ್ಲ ಬರೆಯುತ್ತಿಲ್ಲ. ಅದಕ್ಕೆ ಮಹಾದೇವಿಯೂ ಗೊತ್ತಿಲ್ಲ, ಅವಳ ಅವ್ವನೂ ಗೊತ್ತಿಲ್ಲ. ಅದು ಎಬ್ಬಿಸಲು ಹೊರಟಿದ್ದು ನನ್ನ ಬೊಜ್ಜನ್ನು. ಆದರೆ ಎಲ್ಲ ಗೊತ್ತಿದ್ದ ನಾವು ಅಷ್ಟು ಜನ ಹೋಗಿದ್ದೆವಲ್ಲ?

ದುಃಖದಲ್ಲಿ ಕೂತವರ ಪಕ್ಕ ಕೂರುವುದು ನಮಗೆಲ್ಲ ಬರುತ್ತದೆ, ಕೈ ಕೊಟ್ಟು ಎಬ್ಬಿಸುವುದು ಎಷ್ಟು ಜನರಿಗೆ ಬರುತ್ತದೆ?