ಎಕ್ಸ್‌ಚೇಂಜ್ ಜಾನಕಮ್ಮನ ಹನ್ನೊಂದು ನಂಬರು

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಂಜನಗೂಡಿನ ಜಾನಕಮ್ಮನವರ ಮೊಬೈಲ್ ರಿಂಗಾಯಿತು. ಕಬಿನಿ ಜಲಾಶಯದಿಂದ ಹೆಚ್ಚಿನ ನೀರು ಬಿಡಲಾಗುತ್ತಿದೆ, ನದಿ ಪಾತ್ರದ ಜನ ಸುರಕ್ಷಿತ ಸ್ಥಳಕ್ಕೆ ಹೋಗಬೇಕು ಎಂದು ಒಂದು ಹೆಣ್ಣು ದನಿ ಹೇಳಿತು.

"ನಮ್ಮೂರಿಗೆ ಎಷ್ಟೊತ್ತಿಗೆ ಬರುತ್ತಮ್ಮ?" ಎಂದು ಜಾನಕಮ್ಮ ಕೇಳಿದರು.

ದನಿ ಮತ್ತೆ ಮೊದಲಿನಿಂದ ಅದನ್ನೇ ಹೇಳಿ ನಿಂತುಹೋಯಿತು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಸೊಸೆ ಹರಿಪ್ರಿಯಾ ನಕ್ಕಳು. "ಅದು ರೆಕಾರ್ಡಿಂಗ್ ಅಮ್ಮ. ಉತ್ತರ ಕೊಡೋದಿಲ್ಲ."

"ಗೊತ್ತಾಯ್ತು ಬಿಡು" ಎಂದು ಜಾನಕಮ್ಮ ಫೋನನ್ನು ಸೆರಗಿನಿಂದ ಒರೆಸಿಟ್ಟರು. ಎಪ್ಪತ್ತೆರಡರ ವಯಸ್ಸಿನಲ್ಲಿ ಅವರಿಗೆ ಮರೆವು ಬಂದಿರಲಿಲ್ಲ. ಒಂದು ಕಾಲದಲ್ಲಿ ಆ ದನಿಯ ಕೆಲಸವನ್ನು ತಾವೇ ಮಾಡಿದವರು. ಜನ ಪ್ರಶ್ನೆ ಕೇಳುತ್ತಿದ್ದರು, ಅವರು ಉತ್ತರ ಹೇಳುತ್ತಿದ್ದರು.

ಆಗ ಅವರು ಆಪರೇಟರಾಗಿದ್ದ ಟೆಲಿಫೋನ್ ಎಕ್ಸ್‌ಚೇಂಜು ಪೇಟೆಯ ಒಂದು ಬಾಡಿಗೆ ಮನೆಯ ಮಹಡಿಯಲ್ಲಿತ್ತು. ಗಂಡ ಅನಂತಪದ್ಮನಾಭ ಮಠದ ಪಾಠಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ಆ ಮನೆತನದಲ್ಲಿ ಕೆಲಸಕ್ಕೆಂದು ಹೊಸಿಲು ದಾಟಿದ ಮೊದಲ ಸೊಸೆ ಜಾನಕಮ್ಮ. ದಿನವಿಡೀ ಯಾರ್ಯಾರದೋ ಮಾತು ಕಿವಿಗೆ ಬೀಳುತ್ತಲ್ಲ ಎಂದು ಅತ್ತೆಗೆ ಕಸಿವಿಸಿ. ಬೀಳುವುದಿಲ್ಲ ಎಂದು ಸೊಸೆ ಸಮಾಧಾನ ಹೇಳಿದ್ದರು. ಇಬ್ಬರ ಲೈನು ಕೂಡಿಸಿದ ಮೇಲೆ ಆಪರೇಟರು ಅದರಿಂದ ಕಿವಿ ತೆಗೆಯಬೇಕು. ಅಕಸ್ಮಾತ್ ಕೇಳಿಸಿದರೂ ಹೊರಗೆ ಆಡಬಾರದು. ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದ ನಿಯಮ ಅದು. ಏಳು ವರ್ಷ ಅವರು ಅದನ್ನು ಮುರಿದಿರಲಿಲ್ಲ.

ಎಂಬತ್ತರ ದಶಕದ ಒಂದು ಭಾನುವಾರ. ಕಬಿನಿ ಹುಟ್ಟುವ ವಯನಾಡಿನಲ್ಲಿ ಮಳೆ ಹುಯ್ಯುತ್ತಿದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ನಂಜನಗೂಡಿನಲ್ಲಿ ಬರೀ ತುಂತುರು. ಮೈಸೂರಿನಿಂದ ನರಸೀಪುರಕ್ಕೆ ಹೋಗುವ ನೇರ ತಂತಿ ಕೆಟ್ಟಿದ್ದರಿಂದ ಅಲ್ಲಿನ ಕರೆಗಳೆಲ್ಲ ಇವರ ಲೈನು ಕೂಡಿಸುವ ಬೋರ್ಡಿನ ಮೂಲಕ ಹಾದು ಹೋಗುತ್ತಿದ್ದವು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮೈಸೂರಿನ ನೀರಾವರಿ ಎಂಜಿನಿಯರೊಬ್ಬರು ನರಸೀಪುರದ ಇನ್ನೊಬ್ಬ ಎಂಜಿನಿಯರಿಗೆ ಲೈನು ಕೇಳಿದರು. ಲೈನು ಕ್ಷೀಣವಾಗಿತ್ತು. ಕರೆ ಕಡಿದುಹೋಗದಂತೆ ಜಾನಕಮ್ಮ ಕಿವಿಗೊಟ್ಟೇ ಕೂರಬೇಕಾಯಿತು.

ಬೆಳಿಗ್ಗೆ ಬಿಟ್ಟದ್ದರ ದುಪ್ಪಟ್ಟು ನೀರನ್ನು ಈಗ ಜಲಾಶಯದಿಂದ ಬಿಡುತ್ತಿದ್ದಾರೆ. ಸಂಜೆಯ ಹೊತ್ತಿಗೆ ನಂಜನಗೂಡು ದಾಟುತ್ತದೆ. ತಾಲ್ಲೂಕು ಕಚೇರಿಗೆ ಹೇಳೋಣವೆಂದರೆ ರಜೆ, ಯಾರೂ ಎತ್ತುತ್ತಿಲ್ಲ. ಜೀಪಿನಲ್ಲಿ ಆಳನ್ನು ಕಳಿಸಿದ್ದೇವೆ. ಇಷ್ಟು ಮಾತಾಡಿ ಅವರು ಇಟ್ಟರು.

ಜಾನಕಮ್ಮ ಗಡಿಯಾರ ನೋಡಿದರು. ಜೀಪು ಊರು ಸೇರಿ, ಡಂಗುರ ಸಾರುವವನು ಸಿಕ್ಕಿ, ಆತ ಹಳ್ಳಿ ಹಳ್ಳಿಗೆ ಹೋಗುವಷ್ಟರಲ್ಲಿ ಊರವರು ಕಪಿಲೆ ಎನ್ನುವ ಕಬಿನಿ ಮೊದಲು ತಲುಪಿರುತ್ತಾಳೆ. ಹೊಳೆಯಂಚಿನ ಹಳ್ಳಿಗಳಲ್ಲಿ ಫೋನಿದ್ದದ್ದು ಹನ್ನೊಂದು ಕಡೆ. ಆ ನಂಬರುಗಳು ಅವರಿಗೆ ಬಾಯಿಪಾಠ. ಎರಡು ನಿಮಿಷ ಕೈ ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ ಹೆಮ್ಮರಗಾಲದ ಅಕ್ಕಿ ಗಿರಣಿಗೆ ರಿಂಗು ಕೊಟ್ಟರು. ಗಿರಣಿ ಯಜಮಾನ ಗಂಗಾಧರಸ್ವಾಮಿ ಹೊರ ಊರಿನ ಟ್ರಂಕ್ ಕರೆ ತಡವಾದರೆ ಎಗರಾಡುವ ಆಸಾಮಿ.

"ಸಂಜೆಯೊಳಗೆ ಹೊಳೆ ಏರುತ್ತೆ ಸ್ವಾಮಿ. ಗದ್ದೆ ಬಯಲಲ್ಲಿರೋರನ್ನ, ದನಕರುಗಳನ್ನ ಮೇಲಕ್ಕೆ ಕರೆಸಿ."

"ಯಾರವ್ವ ಯೋಳಿದ್ದು?"

"ಅದನ್ನ ಹೇಳೋ ಹಾಗಿಲ್ಲ."

"ನೀವು ಯಾವತ್ತೂ ಒಂದ್ ಮಾತು ಎಚ್ಚು ಆಡ್ದೋರಲ್ಲ. ಈಗ್ಲೇ ಕರುಸ್ತೀನಿ ಬುಡಿ" ಎಂದರು ಸ್ವಾಮಿ. ಭಾನುವಾರ ಎಂದೂ ಕೂಗದ ಗಿರಣಿಯ ಸೈರನ್ ಅಂದು ಬಿಡದೆ ಕೂಗಿತು. ಏನಾಯಿತೆಂದು ಹೊಲಗದ್ದೆಯಿಂದ ಓಡಿಬಂದವರಿಗೆಲ್ಲ ಸುದ್ದಿ ತಿಳಿಯಿತು.

ಹತ್ತು ಕಡೆ ಎತ್ತಿದರು. ಹನ್ನೊಂದನೆಯದು ಹೊಳೆದಂಡೆಯ ಒಂದು ತೋಟದ ಮನೆ. ಮನೆಯವರು ಮದುವೆಗೆ ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ಜಾನಕಮ್ಮ ಹದಿನಾಲ್ಕು ಸಲ ರಿಂಗು ಕೊಟ್ಟರು.

ಸಂಜೆ ಆರಕ್ಕೆ ನಂಜನಗೂಡಿನ ಹೊಳೆಯ ಹದಿನಾರು ಕಾಲಿನ ಮಂಟಪ ಅರ್ಧ ಮುಳುಗಿತ್ತು. ಹಳ್ಳಿಗಳಲ್ಲಿ ಪೈರು ಹೋಯಿತು, ಹುಲ್ಲಿನ ಬಣವೆಗಳು ತೇಲಿಹೋದವು, ಜನ ಉಳಿದರು. ಆ ತೋಟದ ಮನೆಯಲ್ಲಿ ಕಟ್ಟಿಹಾಕಿದ್ದ ಜೋಡೆತ್ತು ಮಾತ್ರ ಹಗ್ಗದಲ್ಲೇ ಸತ್ತವು.

ಹದಿನೈದು ದಿನಕ್ಕೆ ಮೈಸೂರಿನಿಂದ ಟೆಲಿಫೋನ್ ಇಲಾಖೆಯ ಅಧಿಕಾರಿಯೊಬ್ಬರು, ಕರೆಯ ಮಾತು ಹೊರಗೆ ಹೋದದ್ದರ ವಿಚಾರಣೆಗೆ ಬಂದರು. ಅವರು ಕಾಗದ ಬಿಡಿಸಿ ಕೂತ ಹೊತ್ತಿಗೇ ದೊಡ್ಡಮಾದಯ್ಯ ಎಂಬ ರೈತ ಒಂದು ಚಿಪ್ಪು ರಸಬಾಳೆ ಹಿಡಿದು ಮಹಡಿ ಹತ್ತಿದ.

"ಫೋನಲ್ಲಿ ನೀರು ಬರ್ತದೆ ಅಂದವ್ವ ಯಾರು ಸಾ? ನಮ್ಮೆಂಗಸ್ರು ಮಕ್ಳು ಗದ್ದೇಲಿದ್ರು. ಒಂದಪ ನೋಡ್ಕಂಡ್ ಓಯ್ತೀನಿ."

ಜಾನಕಮ್ಮ ತಲೆ ತಗ್ಗಿಸಿ ಕೂತರು. ಅಧಿಕಾರಿ ಹಣ್ಣಿನ ಚಿಪ್ಪನ್ನೂ ಅವರನ್ನೂ ನೋಡಿ, ಅವನನ್ನು ಹೊರಗೆ ಕಾಯಲು ಹೇಳಿದರು.

"ನೀವು ಕೇಳಿಸ್ಕೊಂಡ್ರಾ?"

"ಕೇಳಿಸ್ಕೊಂಡೆ ಸಾರ್."

"ನಿಯಮ ಗೊತ್ತಿತ್ತಾ?"

"ಗೊತ್ತಿತ್ತು. ಆದರೆ ಒಂದು ಕಡೆ ಯಾರೂ ಎತ್ತಲಿಲ್ಲ ಸಾರ್. ಪಕ್ಕದ ಮನೆಯವರು ಯಾರು ಅಂತ ನನಗೆ ತಿಳಿದಿದ್ರೆ ಬೇರೆ ಫೋನಿನವರಿಂದ ಅವರಿಗೆ ಹೇಳಿ ಕಳಿಸ್ತಿದ್ದೆ, ಆ ಎತ್ತುಗಳೂ ಉಳೀತಿದ್ವು."

ಅವರು ಎಚ್ಚರಿಕೆ ಪತ್ರ ಬರೆದೇ ಹೋದರು. ಮೆಟ್ಟಿಲಿಳಿಯುವಾಗ ಮಾತ್ರ ತಿರುಗಿ, "ನೀರಾವರಿಯವರೇ ಲಿಖಿತವಾಗಿ ನಿಮಗೆ ಸುದ್ದಿ ಕೊಟ್ಟರೆ ಅದು ಕದ್ದು ಕೇಳಿದ ಹಾಗಾಗಲ್ಲ, ನೋಡಿ" ಎಂದರು.

ಮಾರನೆಯ ವಾರ ಜಾನಕಮ್ಮ ರಜೆ ಹಾಕಿ ನರಸೀಪುರದ ಬಸ್ಸು ಹತ್ತಿದರು. ಅಂದು ಫೋನಿನಲ್ಲಿ ಮಾತಾಡಿದ ಎಂಜಿನಿಯರನ್ನು ಹುಡುಕಿ, ನೀರು ಬಿಡುವ ಸುದ್ದಿಯನ್ನು ಲಿಖಿತವಾಗಿ ಕೊಡಲು ಒಪ್ಪಿಸಿ, ಕೂರಿಸಿಕೊಂಡು ಪಟ್ಟಿ ಬರೆಸಿದರು: ಹನ್ನೊಂದು ನಂಬರು, ಪ್ರತಿಯೊಂದಕ್ಕೂ ಅಕ್ಕಪಕ್ಕದ ಇಬ್ಬರ ಹೆಸರು. ಮುಂದಿನ ಪ್ರತಿ ಮಳೆಗಾಲದಲ್ಲೂ ನೀರು ಬಿಡುವ ಸುದ್ದಿ ಮೊದಲು ಅವರ ಬೋರ್ಡಿಗೆ ಬಂತು. ಇಷ್ಟು ಕ್ಯುಸೆಕ್ ನೀರು ಎಂದರೆ ಹಳ್ಳಿಯವರಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಪ್ರತಿ ಪ್ರವಾಹ ಇಳಿದ ಮೇಲೆ, ನೀರು ಎಲ್ಲಿಗೆ ಬಂದಿತ್ತು, ಎಷ್ಟು ಹೊತ್ತಿಗೆ ಬಂತು ಎಂದು ಹನ್ನೊಂದು ಮನೆಯಲ್ಲೂ ಕೇಳಿ, ಬಿಟ್ಟ ನೀರಿನ ಲೆಕ್ಕದ ಜೊತೆ ಟ್ರಂಕ್ ಕರೆಯ ಚೀಟಿಗಳ ಹಿಂದೆ ಬರೆದಿಡತೊಡಗಿದರು. ಮರುವರ್ಷದಿಂದ, "ಈ ಸಲ ನಿಮ್ಮ ಪಂಪ್‌ಹೌಸ್ ಮುಳುಗುತ್ತೆ, ಹುಣಸೇಮರದ ತನಕ ಬರೋದಿಲ್ಲ" ಎನ್ನುತ್ತಿದ್ದರು. ಒಂದೆರಡು ಸಲ ಲೆಕ್ಕ ತಪ್ಪಿತು. ಬಹುಮಟ್ಟಿಗೆ ಹೇಳಿದಲ್ಲಿಗೇ ನೀರು ಬಂತು.

ಒಂಬತ್ತು ಮಳೆಗಾಲ ಹೀಗೆ ಕಳೆದವು. ಆಮೇಲೆ ತಾನಾಗಿ ಕೂಡಿಸುವ ಎಕ್ಸ್‌ಚೇಂಜು ಬಂದು ಜಾನಕಮ್ಮ ಬಿಲ್ಲಿನ ವಿಭಾಗಕ್ಕೆ ಹೋದರು. ಮೊದಲ ವರ್ಷ ಆ ಹನ್ನೊಂದು ದನಿಗಳಿಲ್ಲದೆ ಕಿವಿ ಬಣಗುಟ್ಟಿತು ಎಂದು ಈಗಲೂ ಹೇಳುತ್ತಾರೆ. ಗಂಟಲು ಕೆರೆದೇ ಮಾತು ಶುರುಮಾಡುವವರು, ಹಲೋ ಎನ್ನದೆ "ಆಂ" ಎನ್ನುವವರು, ಫೋನಿಟ್ಟ ಮೇಲೂ ಮಾತಾಡುತ್ತಿರುವವರು. ಮುಖ ಒಂದೂ ಗೊತ್ತಿರಲಿಲ್ಲ.

ಹೋದ ಮಳೆಗಾಲ, ಸೊಸೆ ಸೊಪ್ಪು ಬಿಡಿಸುತ್ತಿದ್ದ ಆ ಬೆಳಿಗ್ಗೆಯೇ, ಹತ್ತು ಗಂಟೆಗೆ, ಮಗ ಕೃಷ್ಣಪ್ರಸಾದ್ ಕಾಲೇಜಿನಿಂದ ಫೋನು ಮಾಡಿದರು. ಅವರ ವಿದ್ಯಾರ್ಥಿನಿ ಶಿವರಂಜನಿ ಹೆಮ್ಮರಗಾಲದ ಗಂಗಾಧರಸ್ವಾಮಿಯ ಮೊಮ್ಮಗಳಂತೆ. ಅಜ್ಜ ಹೊಳೆ ಕಡೆಯ ಕೊಟ್ಟಿಗೆ ಬಿಟ್ಟು ಕದಲುತ್ತಿಲ್ಲ, ಮೆಸೇಜು ತೋರಿಸಿದರೂ ನಂಬುತ್ತಿಲ್ಲ. ಅವಳಿಗೆ ನಿನ್ನ ನಂಬರು ಕೊಟ್ಟಿದ್ದೇನೆ, ಅಜ್ಜನ ಹತ್ತಿರ ಮಾತಾಡು ಎಂದರು ಮಗ.

ಶಿವರಂಜನಿ ಕರೆ ಮಾಡಿ, ಮೆಸೇಜಿನಲ್ಲಿದ್ದ ನೀರಿನ ಲೆಕ್ಕ ಓದಿ ಹೇಳಿ, ಫೋನನ್ನು ಅಜ್ಜನ ಕಿವಿಗಿಟ್ಟಳು. ಜಾನಕಮ್ಮ ತಮ್ಮ ಹಳೆಯ ಚೀಟಿಗಳನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು.

"ಸ್ವಾಮಿಗಳೇ, ಇಷ್ಟು ನೀರಿಗೆ ನಿಮ್ಮ ಕೊಟ್ಟಿಗೆ ಗೋಡೆ ಅರ್ಧ ಮುಳುಗುತ್ತೆ. ನಾಲ್ಕು ಗಂಟೆಯೊಳಗೆ ದನ ಬಿಚ್ಚಿ."

"ಎಕ್ಸ್‌ಚೇಂಜಮ್ಮನಾ?" ಎಂದಿತು ಆ ಕಡೆಯ ದನಿ. "ಬದುಕಿದ್ದೀರಾ ತಾಯಿ? ಬುಚ್ಚುಸ್ತೀನಿ."

ನೀರು ಐದಕ್ಕೆ ಬಂತು, ಗೋಡೆಯ ಅರ್ಧಕ್ಕಿಂತ ಒಂದು ಗೇಣು ಕೆಳಗೆ ನಿಂತಿತು.

ಹೊಳೆ ಇಳಿದು ದಾರಿ ಒಣಗಿದ ಮೇಲೆ ಜಾನಕಮ್ಮ ಮಗನ ಜೊತೆ ಹೆಮ್ಮರಗಾಲಕ್ಕೆ ಹೋದರು. ಜಗುಲಿಯ ಮೇಲೆ ಕೂತಿದ್ದ ತೊಂಬತ್ತರ ಗಂಗಾಧರಸ್ವಾಮಿ ಕಣ್ಣು ಕಿರಿದುಮಾಡಿ ನೋಡಿ, "ಎತ್ತರಕ್ಕಿರ್ತೀರಿ ಅನ್ಕಂಡಿದ್ದೆ" ಎಂದರು. ಇಬ್ಬರೂ ಹನ್ನೊಂದು ಮನೆಗಳನ್ನು ಒಂದೊಂದಾಗಿ ನೆನೆದರು. ಎಂಟು ಮಂದಿ ತೀರಿಕೊಂಡಿದ್ದರು. ಜೋಡೆತ್ತು ಕಳೆದುಕೊಂಡ ತೋಟದವನು ಹೊಸ ಜೋಡಿ ಕಟ್ಟಿ ಇಪ್ಪತ್ತು ವರ್ಷ ಬಾಳಿದ್ದನೆಂದು ಸ್ವಾಮಿ ಹೇಳಿದಾಗ ಜಾನಕಮ್ಮ ಮೂಗಿನ ತುದಿ ಒತ್ತಿಕೊಂಡರು. ಅಷ್ಟು ಮಳೆಗಾಲ ಆ ಮನೆಗೆ ಫೋನು ಮಾಡಿದರೂ ಎತ್ತಿನ ಮಾತನ್ನು ಅವರು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

"ನೀರು ಬರದಿದ್ರೂ ಒಂದಪ ಫೋನ್ ಮಾಡಿ" ಎಂದರು ಸ್ವಾಮಿ, ಹೊರಡುವಾಗ.

ಈಗ ಪ್ರತಿ ಗುರುವಾರ ಮಧ್ಯಾಹ್ನ ಜಾನಕಮ್ಮ ಫೋನು ಮಾಡುತ್ತಾರೆ. ಹೆಚ್ಚೇನೂ ಮಾತಿರುವುದಿಲ್ಲ. ನಾಟಿ ಮುಗಿಯಿತೇ, ಮಂಡಿನೋವು ಹೇಗಿದೆ, ಸೊಸೆ ಏನು ಹುಳಿ ಮಾಡಿದಳು, ಅಷ್ಟೇ.