ಹೆಸರು ಉಜ್ಜಿ ಮಾರುವ ಉಬಾದೆಲ್

ಬೆಳಗಿನ ಐದು ಗಂಟೆಗೆ ಬಂದರೂರು ಕಾರ್ತಹೇನಾದ ಬಾಸೂರ್ತೊ ಮಾರುಕಟ್ಟೆಯ ಸದ್ದುಗಳನ್ನು ಒಂದರ ಮೇಲೊಂದು ಪೇರಿಸಿದರೆ ಚಂದ್ರನಿಗೆ ಏಣಿ ಹಾಕಬಹುದು. ಬಾಳೆಗೊನೆ ತಂದ ಲಾರಿಗಳ ಹಾರನ್ನು, ಮೀನು ಕಡಿಯುವ ಮಚ್ಚು, ಹಿನ್ನೀರಿನ ದಂಡೆಯಲ್ಲಿ ಮೀನಿನ ಕರುಳಿಗಾಗಿ ಹೊಡೆದಾಡುವ ಪೆಲಿಕನ್ ಹಕ್ಕಿಗಳು. ಇಷ್ಟೆಲ್ಲದರ ನಡುವೆ ಮೀನಿನ ಸಾಲಿನ ಹಿಂದಿನ ಸಂದಿಯಿಂದ ಸರಕ್ ಸರಕ್ ಎಂಬ ಸಣ್ಣ ಸದ್ದು ಬರುತ್ತಿದೆ. ಬಿಯರ್ ಬಾಟಲಿಯ ಕ್ರೇಟನ್ನು ಬೋರಲು ಹಾಕಿ ಕೂತ ಉಬಾದೆಲ್ ಸಿಮಾರ್ರಾ, ಉಪ್ಪುಕಾಗದ ಹಿಡಿದು ಹಳೆಯ ಕೀಬೋರ್ಡೊಂದರ ಮೇಲಿನ ಕಂಪನಿಯ ಹೆಸರನ್ನು ಉಜ್ಜಿ ಅಳಿಸುತ್ತಿದ್ದಾರೆ.

"ಹೆಸರು ಕಂಡ್ರೆ ಕಿವಿ ಮಲಗಿಬಿಡುತ್ತೆ," ಎನ್ನುತ್ತಾರೆ ತಲೆ ಎತ್ತದೆ. "ಈ ಕಂಪನಿದು ಕೊಡಿ, ಆ ಕಂಪನಿದು ಕೊಡಿ ಅಂತ ಬರ್ತಾರೆ. ಏನು ಬಾರಿಸ್ತೀಯಪ್ಪಾ ಅಂದ್ರೆ, ಅದು ಮಾತ್ರ ಗೊತ್ತಿಲ್ಲ."

ಉಬಾದೆಲ್‌ಗೆ ಅರವತ್ತೇಳು. ಕೀಬೋರ್ಡಿನಂಥ ವಿದ್ಯುತ್ ಪೆಟ್ಟಿಗೆಗಳಲ್ಲಿ ಸಂಗೀತ ಮಾಡಬೇಕೆಂದು ಹೊರಟ ಹೊಸಬರಿಗೆ ಹಳೆಯ ಯಂತ್ರಗಳನ್ನು ರಿಪೇರಿ ಮಾಡಿ ಮಾರುವುದು ಅವರ ಕಸುಬು. ಅಂಗಡಿ ಎಂದರೆ ಒಂದು ಬೆಂಚು, ಮೇಲೊಂದು ಟಾರ್ಪಾಲು. ಬೆಂಚಿನ ಮೇಲೆ ಐದು ಯಂತ್ರಗಳು, ಐದರ ಮೇಲೂ ಮರಗೆಣಸಿನ ಗೋಣಿಚೀಲ. ಚೀಲದ ಪಕ್ಕದಲ್ಲಿ ಕೈ ತೂರುವಷ್ಟು ತೂತು. ಗಿರಾಕಿ ಕೈ ಹಾಕಿ ಬಾರಿಸಬೇಕು, ನೋಡುವಂತಿಲ್ಲ. ಬಾರಿಸುವಾಗ ಬಾಳೆಗೊನೆ ಹೊತ್ತು ಹೋಗುವ ಹಮಾಲರ ಹೆಜ್ಜೆ ತಾಳಕ್ಕೆ ಬಿದ್ದರೆ ಆ ಯಂತ್ರ ಆ ಗಿರಾಕಿಗೆ ಸರಿ. ಒಳಗೆ ಏನೇ ಇರಲಿ, ಬೆಲೆ ಒಂದೇ: ಎರಡು ಲಕ್ಷ ಪೆಸೊ. ನಮ್ಮಲ್ಲಿ ಒಂದು ಸಂಸಾರ ವಾರವಿಡೀ ಕರಿದ ಮೀನು ತಿನ್ನಬಹುದಾದಷ್ಟು ದುಡ್ಡು. ಅದೇ ಯಂತ್ರಕ್ಕೆ ದೊಡ್ಡ ಪೇಟೆಯ ಗಾಜಿನ ಅಂಗಡಿಯಲ್ಲಿ ಬೆಲೆ ಕೇಳಿದವರು ಬಾಗಿಲಲ್ಲೇ ಮೂರ್ಛೆ ಹೋಗುತ್ತಾರೆ. ನಾನೇ ಇಬ್ಬರಿಗೆ ನೀರು ಚಿಮುಕಿಸಿದ್ದೇನೆ.

ಹೆಸರು ಅಳಿಸುವ ಈ ಚಾಳಿ ಅವರಿಗೆ ಬಂದದ್ದು ಎಲ್ಲಿಂದ ಎಂದು ಹೇಳಲು ಪಿಕೊ ಕುಣಿತದ ಹಳೆಯ ಭಾನುವಾರಗಳಿಗೆ ಹೋಗಬೇಕು. ಪಿಕೊ ಎಂದರೆ ನಮ್ಮಲ್ಲಿ ಮನೆಯೆತ್ತರದ ಸ್ಪೀಕರುಗಳ ಗೋಡೆ. ಬಣ್ಣ ಬಳಿದು, ಹೆಸರಿಟ್ಟು, ಮದುಮಗಳಿಗಿಂತ ಒಂದು ಕೈ ಹೆಚ್ಚೇ ಸಿಂಗರಿಸಿ ಬೀದಿಯಲ್ಲಿ ನಿಲ್ಲಿಸುತ್ತಿದ್ದರು. ಹಡಗಿನವರು ಆಫ್ರಿಕಾದ ಬಂದರುಗಳಿಂದ ರೆಕಾರ್ಡು ತರುತ್ತಿದ್ದರು. ಒಂದು ಪಿಕೊದ ಹಾಡು ಇನ್ನೊಂದಕ್ಕೆ ಸಿಗಬಾರದು. ಅದಕ್ಕೇ ರೆಕಾರ್ಡಿನ ನಡುವಿನ ಚೀಟಿಯನ್ನು ಕೆರೆದು ತೆಗೆಯುತ್ತಿದ್ದರು. ಹಾಡಿದವರು ಯಾರು, ಯಾವ ದೇಶ, ಒಂದೂ ತಿಳಿಯುತ್ತಿರಲಿಲ್ಲ. ತಿಳಿಯದ ಭಾಷೆಯ ಆ ಹಾಡುಗಳಿಗೆ ನಾವೇ ಹೆಸರಿಟ್ಟು, ನಾವೇ ಮಾತು ತುಂಬಿ ಹಾಡುತ್ತಿದ್ದೆವು. ಈಗಲೂ ಎಲ್ಲಾದರೂ ಒಣಮಣ್ಣಿಗೆ ನೀರು ಚಿಮುಕಿಸಿದ ವಾಸನೆ ಬಂದರೆ, ಕುಣಿತಕ್ಕೆ ಮುಂಚೆ ಬೀದಿಗೆ ನೀರು ಹಾಕುತ್ತಿದ್ದ ಆ ಮಧ್ಯಾಹ್ನಗಳು ನೆನಪಾಗಿ ಕಾಲು ತಾನೇ ಎದ್ದುಬಿಡುತ್ತದೆ. ನಾನು ಕುಣಿಯಲು ಇಳಿದರೆ ಸಮುದ್ರ ನಾಲ್ಕು ಮಾರು ಹಿಂದೆ ಸರಿದು ಜಾಗ ಬಿಡುತ್ತಿತ್ತು. ಸಂದೇಹವಿದ್ದವರು ಸಮುದ್ರವನ್ನೇ ಕೇಳಬಹುದು.

ಹತ್ತೊಂಬತ್ತರ ಹರೆಯದಲ್ಲಿ ಉಬಾದೆಲ್‌ಗೆ ಸಿಕ್ಕ ಮೊದಲ ಕೆಲಸ ನಾಣ್ಯದ ಅಂಚಿನಿಂದ ಆ ಚೀಟಿ ಕೆರೆಯುವುದು. "ಸಾವಿರ ಗಾಯಕರ ಹೆಸರು ನನ್ನ ಉಗುರಿನ ಸಂದಿಗೆ ಹೋಗಿದೆ," ಎಂದು ನಗುತ್ತಾರೆ. "ಆದ್ರೆ ಹೆಸರಿಲ್ಲದೆ ಕೇಳೋದು ಹೇಗೆ ಅಂತ ಅಲ್ಲೇ ಕಲಿತಿದ್ದು."

ಮದುವೆಯಾದ ವರ್ಷ ಅವರೂ ಬಾಸೂರ್ತೊದವರು ಮಾತ್ರ ಮಾಡಬಲ್ಲ ಆ ತಪ್ಪನ್ನು ಮಾಡಿದರು. ಕೈಯಲ್ಲಿದ್ದುದನ್ನೆಲ್ಲ ಸುರಿದು ಸ್ಪೀಕರ್ ಕೊಂಡರು. ಅದರಲ್ಲಿ ನುಡಿಸಲು ಏನೂ ಇರಲಿಲ್ಲ. ಆ ಸ್ಪೀಕರ್ ಎಷ್ಟು ದೊಡ್ಡದಿತ್ತೆಂದರೆ ಮನೆಯೊಳಗೆ ಅದನ್ನು ಇಟ್ಟರೆ ಗಂಡ ಹೆಂಡತಿ ಸರದಿಯ ಮೇಲೆ ಉಸಿರಾಡಬೇಕಿತ್ತು. ಹನ್ನೊಂದು ತಿಂಗಳು ಅದು ಮೂಕವಾಗಿ ಅಂಗಳದಲ್ಲಿ ನಿಂತಿತು.

"ಕೋಳಿ ಮೊಟ್ಟೆ ಇಡ್ತಿತ್ತು ಅದರೊಳಗೆ," ಎನ್ನುತ್ತಾರೆ ಹೆಂಡತಿ ಎಂಪೆರಾತ್ರಿಸ್. ಗಂಡನ ಬೆಂಚಿನ ಪಕ್ಕದಲ್ಲೇ ಅವರ ಬಾಣಲೆ. ಮೆಕ್ಕೆಜೋಳದ ಹಿಟ್ಟಿನೊಳಗೆ ಮೊಟ್ಟೆ ತುಂಬಿ ಅರೆಪಾ ಕರಿಯುತ್ತಾರೆ. "ಸಂಸಾರಕ್ಕೆ ಬಂದು ನಾನು ತೊಳೆದ ಮೊದಲ ಸಾಮಾನು ಪಾತ್ರೆ ಅಲ್ಲ, ಸ್ಪೀಕರ್."

ಆಮೇಲೆ ಹಡಗಿನ ಅಡುಗೆಯವನೊಬ್ಬ ಒಂದು ಹುಂಜಕ್ಕೆ ಬದಲಾಗಿ ಪುಟ್ಟ ಕೀಬೋರ್ಡ್ ಕೊಟ್ಟುಹೋದ. ಮೊಳದುದ್ದದ್ದು, ಒಂದು ಕೀ ಅಂಟಿಕೊಳ್ಳುವಂಥದ್ದು. ಮೂಲೆಯ ನಾಲ್ಕು ಗುಂಡಿ ಒತ್ತಿದರೆ ಡೋಲು, ಚಪ್ಪಾಳೆ, ನಾಯಿಯ ಬೊಗಳಿಕೆ, ಲೇಸರ್ ಬಂದೂಕಿನ ಕೀಚು. ಆ ನಾಲ್ಕು ಗುಂಡಿಗಳಿಂದ ಉಬಾದೆಲ್ ಮೂವತ್ತೆಂಟು ವರ್ಷ ಪ್ರತಿ ಭಾನುವಾರ ನಮ್ಮ ಬೀದಿಯ ಪಿಕೊದ ಹಿಂದೆ ಕೂತು ಬಾರಿಸಿದ್ದಾರೆ. ಹಾಡಿನ ಕೊನೆಗೆ ಬರುವ ಭಾಗವನ್ನು ನಾವು ಜುಟ್ಟು ಬಿಚ್ಚುವುದು ಎನ್ನುತ್ತೇವೆ. ಆಗ ಸ್ಪೀಕರಿನ ಹಿಂದಿನಿಂದ ಈ ಮನುಷ್ಯನ ಬೆರಳುಗಳು ಬಂದು ಮುನ್ನೂರು ಜನರ ಮೂಳೆ ಸಡಿಲಿಸುತ್ತವೆ. ಮೈಕಿನವನು ಕೂಗುವುದು ಪಿಕೊದ ಮಾಲೀಕನ ಹೆಸರನ್ನು. ಹಿಂದೆ ಕೂತವರನ್ನು ಯಾರೂ ನೋಡಿಲ್ಲ.

ಈ ಬೆಂಚಿಗಾಗಿ ಮೂವತ್ತನಾಲ್ಕು ವರ್ಷದಿಂದ ಅವರು ಏಳುವುದು ಮೂರೂವರೆಗೆ. ವಾರಕ್ಕೆ ಎರಡು ಯಂತ್ರ ಹೋದರೆ ಒಳ್ಳೆಯ ವಾರ. ಇದುವರೆಗೆ ಮಾರಿದ್ದು ಎರಡೂವರೆ ಸಾವಿರ ಎಂದು ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಒಂದು ಕಡಿಮೆಯಿಲ್ಲ. ಅಕ್ಟೋಬರಿನಲ್ಲಿ ಹಿನ್ನೀರು ಉಕ್ಕಿದಾಗ ಬೆಂಚು ತೇಲಿದ್ದುಂಟು. ಸತ್ತ ಗುಂಡಿಗಳ ಅಡಿಯ ರಬ್ಬರಿಗೆ ಪೆನ್ಸಿಲಿನ ಸೀಸ ತಿಕ್ಕಿ ಜೀವ ಬರಿಸುತ್ತಾರೆ, ಹರಿದ ಕಡೆ ಹವಾಯಿ ಚಪ್ಪಲಿಯ ತುಂಡು. ಹೊಸಬರಿಗೆ ಅವರ ಪಾಠ ಅರೆಪಾ ತಿಂದು ಮುಗಿಸುವಷ್ಟರಲ್ಲಿ ಮುಗಿಯುತ್ತದೆ:

"ಮೊದಲು ಸ್ಪೀಕರ್ ತಗೋಬೇಡ. ಸುಳ್ಳು ಹೇಳದ ಒಂದು ಹೆಡ್‌ಫೋನ್ ತಗೋ. ಯಂತ್ರ ಒಂದೇ ಸಾಕು, ಎರಡನೇದು ಮುಂದಿನ ವರ್ಷ. ಕೊಳ್ಳೋಕೆ ಮುಂಚೆ ವೈರ್ ಸಿಕ್ಕಿಸೋ ಜಾಗ ಅಲ್ಲಾಡಿಸಿ ನೋಡು, ಬ್ಯಾಟರಿ ಗೂಡಿನ ತುಕ್ಕು ನೋಡು, ಬಿಸಿ ಆಗೋ ತನಕ ಬಾರಿಸು. ಫೋನಿದ್ರೆ ಫೋನಲ್ಲೇ ಶುರು ಮಾಡು, ಅದೂ ಒಳ್ಳೇದೇ. ಒಂದೇ ತೊಂದರೆ, ಮಧ್ಯದಲ್ಲಿ ಅತ್ತೆ ಫೋನ್ ಮಾಡ್ತಾರೆ."

ನಾನು ಬೆಂಚಿನ ಪಕ್ಕ ಕೂತು ಮೂರನೇ ಅರೆಪಾ ಮುಗಿಸುತ್ತಿರುವಾಗ ಮೀನಿನ ಸಾಲಿನಿಂದ ಯೊಲೆಯ್ದಾ ಬರುತ್ತಾಳೆ. ನಲವತ್ತೊಂದರ ಹೆಂಗಸು, ಇಪ್ಪತ್ತು ವರ್ಷದಿಂದ ಮೀನು ಹೆಚ್ಚುವ ಕೆಲಸ. ಅವಳ ಚಾಕು ಹಲಗೆಯ ಮೇಲೆ ಬೀಳುವ ತಾಳಕ್ಕೆ ಸತ್ತ ಮೀನೂ ಬಾಲ ಆಡಿಸುತ್ತದೆ ಎಂದು ಮಾರುಕಟ್ಟೆಯಲ್ಲಿ ಮಾತು. ಮಾತಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ.

"ಮಾಮ, ನನಗೂ ಒಂದು ಬೇಕು," ಎನ್ನುತ್ತಾಳೆ, ಕೈಯನ್ನು ಲಂಗಕ್ಕೆ ಒರೆಸುತ್ತ.

"ಸ್ಪೀಕರ್ ತಗೊಂಡಿದ್ದೀಯಾ?"

"ಇಲ್ಲ."

"ಬದುಕಿದೆ ಬಿಡು. ಕೈ ಹಾಕು."

ಮೊದಲ ಚೀಲದಲ್ಲಿ ಎರಡು ನಿಮಿಷ ಬಾರಿಸಿ, "ಇದು ಚರ್ಚಿಗೆ ಹೊರಟಿದೆ," ಎನ್ನುತ್ತಾಳೆ. ಎರಡನೆಯದಕ್ಕೆ, "ಇದಕ್ಕೆ ನೆಗಡಿ." ಮೂರನೆಯದಕ್ಕೆ, "ಪಾಠ ಒಪ್ಪಿಸ್ತಾ ಇದೆ ಮಾಮ, ತಪ್ಪೇ ಇಲ್ಲ."

ನಾಲ್ಕನೆಯ ಚೀಲಕ್ಕೆ ಕೈ ಹೋಗುತ್ತದೆ. ಬೆರಳುಗಳು ಚಾಕುವಿನ ಹಾಗೆ ಬೀಳುತ್ತವೆ. ಗೊನೆ ಹೊತ್ತ ಹಮಾಲನೊಬ್ಬ ನಿಲ್ಲುತ್ತಾನೆ. ಹಿಂದಿನವನು ಅವನ ಬೆನ್ನಿಗೆ ಡಿಕ್ಕಿ ಹೊಡೆಯುತ್ತಾನೆ, ಬೈಯಲು ಬಾಯಿ ತೆರೆದವನು ಸೊಂಟ ಆಡಿಸುತ್ತಾನೆ. ಐದು ನಿಮಿಷದೊಳಗೆ ಸಂದಿಯಲ್ಲಿ ಬಾಳೆಗೊನೆಗಳೇ ಕುಣಿಯುತ್ತಿರುವಂತೆ ಕಾಣುತ್ತದೆ.

"ಉಬಾ ಅಣ್ಣಾ," ಎನ್ನುತ್ತಾನೆ ಮುಂದಿದ್ದ ಹಮಾಲ, "ಇದು ನಮ್ಮ ಭಾನುವಾರದ ಪೆಟ್ಟಿಗೆ ಅಲ್ವಾ?"

ಉಬಾದೆಲ್ ಎದ್ದು ಚೀಲ ಎತ್ತುತ್ತಾರೆ. ಅಡಿಯಲ್ಲಿರುವುದು ಹುಂಜಕ್ಕೆ ಕೊಂಡ ಅವರದೇ ಪುಟ್ಟ ಕೀಬೋರ್ಡ್.

"ಮುದುಕಿ, ಇದನ್ನ ಇಲ್ಲಿ ಯಾರು ಇಟ್ಟಿದ್ದು?"

"ನಾನೇ," ಎನ್ನುತ್ತಾರೆ ಎಂಪೆರಾತ್ರಿಸ್, ಅರೆಪಾ ಮಗುಚುತ್ತ. "ಪ್ರತಿ ಸೋಮವಾರ ನಿನ್ನ ಬೆರಳು ಮರಗೆಣಸಿನ ಹಾಗೆ ಊದಿರುತ್ತೆ. ಕಾಫಿ ಲೋಟ ನಾನು ಹಿಡಿದು ಕುಡಿಸಬೇಕು."

"ಇದು ಮಾರಾಟಕ್ಕಿಲ್ಲ."

"ಚೀಲದ ಅಡಿ ಇರೋದೆಲ್ಲ ಮಾರಾಟಕ್ಕೆ ಅಂತ ಇಷ್ಟು ವರ್ಷ ಕೂಗಿದ್ದು ನನ್ನ ಗಂಡನೋ, ಆ ಪೆಲಿಕನ್ನೋ?"

ಹಮಾಲರು ಗೊನೆ ಇಳಿಸುತ್ತಾರೆ. ಇದು ಬಿಟ್ಟುಹೋಗುವ ಗಳಿಗೆಯಲ್ಲ. ಯಂತ್ರ ಕೊಟ್ಟರೆ ಭಾನುವಾರ ಸ್ಪೀಕರಿನ ಹಿಂದಿನ ಆ ಜಾಗವೂ ಹೋಯಿತು. ಕೊಡದಿದ್ದರೆ ಉಬಾದೆಲ್‌ನ ಚೀಲದ ಮಾತಿಗೆ ನಾಳೆಯಿಂದ ಬಾಸೂರ್ತೊದಲ್ಲಿ ಬೆಲೆಯಿಲ್ಲ. ಹೆಸರು ತೋರಿಸಿದರೆ ಹತ್ತು ಪಟ್ಟು ಕೊಡುತ್ತೇನೆಂದ ಹೋಟೆಲಿನ ವಾದ್ಯಗಾರನನ್ನೇ ಅವರು ಹಿಂದಕ್ಕೆ ಕಳಿಸಿದವರು.

ಉಬಾದೆಲ್ ಯೊಲೆಯ್ದಾಳ ಕಡೆ ತಿರುಗುತ್ತಾರೆ. "ನೋಡಮ್ಮ, ಇದರ ಬ್ಯಾಟರಿ ಮುಚ್ಚಳಕ್ಕೆ ರಬ್ಬರ್ ಕಟ್ಟಿದ್ದೀನಿ. ಮಳೆಗಾಲದಲ್ಲಿ ಕೆಮ್ಮುತ್ತೆ. ಬೇರೆ ನಾಲ್ಕೂ ಇದಕ್ಕಿಂತ ಗಟ್ಟಿ."

"ಗಟ್ಟಿ ಇರಬಹುದು ಮಾಮ. ಕೈ ಇದರಲ್ಲೇ ಓಡ್ತು."

"ಆ ಅಂಟೋ ಕೀ ಇದೆಯಲ್ಲ, ಅದನ್ನ ಯಾಕೆ ಒತ್ತಿದೆ? ನಾನು ಅದನ್ನ ದಾಟಿಸಿಕೊಂಡೇ ಬಾರಿಸ್ತಿದ್ದೆ."

"ಅದರಲ್ಲೇ ಮಜಾ ಇದೆ. ಒತ್ತಿದ ಮೇಲೆ ಒಂದು ಚೂರು ತಡವಾಗಿ ಬಿಡುತ್ತೆ. ಅಷ್ಟು ಹೊತ್ತು ಸೊಂಟ ಕಾಯುತ್ತೆ."

ಉಬಾದೆಲ್ ಕ್ರೇಟಿನ ಮೇಲೆ ಕೂರುತ್ತಾರೆ. "ಇನ್ನೊಂದು ಸಲ ಬಾರಿಸು," ಎನ್ನುತ್ತಾರೆ. ಅವಳು ಬಾರಿಸುತ್ತಾಳೆ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಆ ಹೊತ್ತು ಪೆಲಿಕನ್ನುಗಳೂ ಜಗಳ ನಿಲ್ಲಿಸಿದವು ಎಂದು ನಾನು ಬೈಬಲ್ ಮುಟ್ಟಿ ಹೇಳಬಲ್ಲೆ. ಅಂಟುವ ಕೀ ಮೂರು ಸಲ ಬರುತ್ತದೆ, ಮೂರು ಸಲವೂ ಅವರ ಮೊಣಕಾಲು ಒಂದು ಚೂರು ಕಾಯುತ್ತದೆ.

"ಎರಡು ಲಕ್ಷ," ಎನ್ನುತ್ತಾರೆ.

ದುಡ್ಡು ಎಣಿಸದೆ ಜೇಬಿಗೆ ಹಾಕಿ, ವೈರನ್ನು ನೀಟಾಗಿ ಸುತ್ತಿ, ತಮ್ಮದೇ ಹೆಡ್‌ಫೋನನ್ನು ಮೇಲಿಟ್ಟು ಕೊಡುತ್ತಾರೆ. "ಭಾನುವಾರ ನಾಲ್ಕಕ್ಕೆ ಬಾ. ಸ್ಪೀಕರಿನ ಹಿಂದೆ ಎಡಗಡೆ ಒಂದು ಮಣೆ ಇದೆ, ಅದರ ಮೇಲೆ ಕೂತ್ಕೋ. ಜುಟ್ಟು ಬಿಚ್ಚೋ ಭಾಗ ಬಂದಾಗ ನಾನು ಸನ್ನೆ ಮಾಡಲ್ಲ, ನಿನಗೇ ಗೊತ್ತಾಗುತ್ತೆ."

ಯೊಲೆಯ್ದಾ ಯಂತ್ರವನ್ನು ಮೀನಿನ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ಹೋಗುತ್ತಾಳೆ. ಹಮಾಲರು ಗೊನೆ ಎತ್ತುತ್ತಾರೆ. ಬೆಂಚಿನ ನಾಲ್ಕನೆಯ ಜಾಗ ಖಾಲಿ.

ಇನ್ನು ಭಾನುವಾರ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಅವರು ಊದಿದ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಾರೆ.

"ಮೂವತ್ತೆಂಟು ವರ್ಷ ಬೀದಿನೆಲ್ಲ ಕುಣಿಸಿದೆ. ಹಿಂದೆ ಕೂತಿದ್ದವನಿಗೆ ಮುಂದೆ ಹೇಗಿರುತ್ತೆ ಅಂತ ಗೊತ್ತೇ ಇಲ್ಲ. ಒಂದು ಹಾಡು ಮೊದಲಿಂದ ಕೊನೇವರೆಗೆ ಈ ಮುದುಕಿ ಜೊತೆ ಕುಣೀಬೇಕು."

"ನನ್ನ ಕೇಳಿದ್ದಾರಾ ಇವರು?" ಎನ್ನುತ್ತಾರೆ ಎಂಪೆರಾತ್ರಿಸ್ ಬಾಣಲೆಗೆ.

"ಈಗ ಕೇಳ್ತಾ ಇದ್ದೀನಲ್ಲ," ಎನ್ನುತ್ತಾರೆ ಉಬಾದೆಲ್.